ಮಿರಗದ ಮಳೆಗೆ ಮೊದಲು ಹೊಲದ ಪ್ಲಾಸ್ಟಿಕ್ ಎತ್ತಬೇಕು

ಜುಲೈ ತಿಂಗಳಲ್ಲಿ ಚಿಕ್ಕೋಡಿ, ನಿಪ್ಪಾಣಿ ಕಡೆಯಿಂದ ಬರುವ ಸುದ್ದಿ ವರ್ಷ ವರ್ಷವೂ ಹೆಚ್ಚು ಬದಲಾಗುವುದಿಲ್ಲ. ದೂಧಗಂಗೆಯ ಕಾರದಗಾ–ಭೋಜ ಸೇತುವೆ ಮುಳುಗಿತು. ವೇದಗಂಗೆಯ ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ ಸೇತುವೆಗಳ ಮೇಲೆ ನೀರು ಬಂತು. ಕೃಷ್ಣೆಯ ಕಲ್ಲೋಳ–ಯಡೂರ ಸಂಚಾರ ನಿಂತಿತು. ಜನ ಸುತ್ತು ಹಾಕಿ ಓಡಾಡುತ್ತಾರೆ, ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ತಗ್ಗುವುದನ್ನು ಕಾಯುತ್ತಾರೆ, ಸೇತುವೆ ಮತ್ತೆ ತೆರೆದುಕೊಳ್ಳುತ್ತದೆ.

ನೀರು ಇಳಿದ ಮೇಲೆ ಕಾಣುವುದು ಸುದ್ದಿಯಲ್ಲಿ ಬರುವುದಿಲ್ಲ. ಸೇತುವೆಯ ಕಂಬಗಳಿಗೆ, ದಡದ ಜಾಲಿ ಮುಳ್ಳಿಗೆ, ನೆಲಕ್ಕೊರಗಿದ ಕಬ್ಬಿಗೆ ಪ್ಲಾಸ್ಟಿಕ್ ಸುತ್ತಿಕೊಂಡಿರುತ್ತದೆ. ಕ್ಯಾರಿಬ್ಯಾಗು ಮಾತ್ರವಲ್ಲ, ಮಲ್ಚಿಂಗ್ ಹಾಳೆಯ ಚಿಂದಿ, ಡ್ರಿಪ್ ಪೈಪಿನ ತುಂಡು, ಔಷಧ ಹೊಡೆದು ಎಸೆದ ಡಬ್ಬಿ, ಗೊಬ್ಬರದ ಚೀಲದ ಎಳೆಗಳೂ ಇರುತ್ತವೆ. 2019ರ ಆಗಸ್ಟ್ ಮತ್ತು 2021ರ ಜುಲೈನ ಮಹಾಪೂರ ಇಳಿದಾಗ ಗಿಡದ ಯಾವ ಎತ್ತರದಲ್ಲಿ ಪ್ಲಾಸ್ಟಿಕ್ ನೇತಾಡುತ್ತಿತ್ತು ಎಂಬುದನ್ನು ನೋಡಿಯೇ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹೇಳಬಹುದಾಗಿತ್ತು.

ಪ್ಲಾಸ್ಟಿಕ್ ಬಗ್ಗೆ ಬೆಂಗಳೂರಿಗೆ ಹೇಳುವ ಮಾತನ್ನೇ ಭೋಜಕ್ಕೂ ಹೇಳಿದರೆ ಸಾಲದು ಎಂದು ನನಗನ್ನಿಸುವುದು ಇದಕ್ಕೇ. ಮಹಾನಗರದ ಕಸ ಎಲ್ಲೋ ಗುಡ್ಡವಾಗಿ ಬೀಳುತ್ತದೆ. ವೇದಗಂಗೆ ಬಂದು ದೂಧಗಂಗೆಯನ್ನು ಸೇರುವ ಸಂಗಮದ ಹತ್ತಿರ ಇರುವ ಈ ಊರಿನ ಕಸ ಹೊಳೆಗೆ ಹೋಗುತ್ತದೆ. ಮೇ ಕೊನೆಗೆ ಹೊಲದ ಬದುವಿನಲ್ಲಿ, ತಿಪ್ಪೆಯಲ್ಲಿ, ಗಟಾರದಲ್ಲಿ ಏನೇನು ಬಿದ್ದಿರುತ್ತದೋ ಅದರಲ್ಲಿ ಬಹುಪಾಲು ಜುಲೈನಲ್ಲಿ ಹೊಳೆಯ ಪಾಲು. ಅಲ್ಲಿಂದ ಕೃಷ್ಣೆಗೆ ಇಳಿದು, ಉಗಾರ, ಕುಡಚಿ ದಾಟಿ, ಹಿಪ್ಪರಗಿ ಬ್ಯಾರೇಜಿನ ಕಡೆಗೆ, ಆಲಮಟ್ಟಿಯ ಹಿನ್ನೀರಿನ ಕಡೆಗೆ ಹೋಗುತ್ತದೆ. ದೂಧಗಂಗೆ, ವೇದಗಂಗೆ ಎರಡೂ ಕೊಲ್ಹಾಪುರ ಜಿಲ್ಲೆಯನ್ನು ಹಾಯ್ದೇ ಬರುವುದರಿಂದ ‘ಇದೆಲ್ಲ ಮೇಲಿನವರ ಕಸ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಥಣಿ, ರಾಯಬಾಗದವರ ಪಾಲಿಗೆ ಮೇಲಿನವರೆಂದರೆ ನಾವೇ.

ನಮ್ಮ ನೆಲದ ಪ್ಲಾಸ್ಟಿಕ್ ಯಾವುದು ಎಂಬಲ್ಲಿಂದ ಶುರುಮಾಡೋಣ. ಪ್ಲಾಸ್ಟಿಕ್ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕಿರಾಣಿ ಅಂಗಡಿಯ ಚೀಲ. ಕಬ್ಬಿನ ಸೀಮೆಯಲ್ಲಿ ತೂಕಕ್ಕೆ ಹಾಕಿದರೆ ಹೊಲದ ಪ್ಲಾಸ್ಟಿಕ್ಕೇ ಭಾರವಾದೀತು. ಕಬ್ಬಿಗೆ ಡ್ರಿಪ್ ಬಂದದ್ದು ಒಳ್ಳೆಯದೇ. ಮಿತಿಮೀರಿ ನೀರು ಹಾಯಿಸಿ ಸವುಳು-ಜವುಳಾದ ಭೂಮಿ ಕೃಷ್ಣಾ ತೀರದಲ್ಲಿ ಬೇಕಾದಷ್ಟಿದೆ, ಉಳಿದ ಭೂಮಿ ಹಾಗಾಗದಂತೆ ತಡೆಯಲು ಡ್ರಿಪ್ ಒಳ್ಳೆಯ ಉಪಾಯ. ಆದರೆ ಲೆಕ್ಕವೊಂದನ್ನು ಹಾಕಿ ನೋಡಿ. ಐದು ಅಡಿಗೊಂದು ಸಾಲು ಬಿಟ್ಟರೆ ಒಂದು ಎಕರೆಗೆ ಎರಡೂವರೆ ಕಿಲೋಮೀಟರ್‌ಗಿಂತ ಹೆಚ್ಚು ಲ್ಯಾಟರಲ್ ಪೈಪು ಬೇಕು. ಅಷ್ಟೂ ಪಾಲಿಥೀನ್. ಇಲಿ ಕಡಿದು, ಬಿಸಿಲಿಗೆ ಸೀಳಿ, ಕಬ್ಬು ಕಡಿಯುವಾಗ ಕೊಯ್ತಕ್ಕೆ ಸಿಕ್ಕಿ ತುಂಡಾದದ್ದನ್ನು ರೈತ ಬದುವಿಗೆ ಎಸೆಯುತ್ತಾನೆ, ಇಲ್ಲವೇ ಕಬ್ಬಿನ ಒಣ ಎಲೆಯ ರವದಿಯ ಜೊತೆಗೆ ಬೆಂಕಿಗೆ ಬಿಡುತ್ತಾನೆ. ಎರಡೂ ನಷ್ಟವೇ. ಪುನರ್ಬಳಕೆಯ ವ್ಯಾಪಾರದಲ್ಲಿ ಕರಿ ಡ್ರಿಪ್ ಪೈಪಿಗೆ ಯಾವಾಗಲೂ ಗಿರಾಕಿ ಇರುತ್ತಾರೆ. ಒಂದೇ ಜಾತಿಯ ಪ್ಲಾಸ್ಟಿಕ್, ಒಂದೇ ಬಣ್ಣ, ದಪ್ಪ ಗೋಡೆ ಇರುವುದರಿಂದ ಕರಗಿಸಿದರೆ ಹೊಸ ವಸ್ತು ಮಾಡಲು ಒಳ್ಳೆಯ ದಾಣಾ ಬರುತ್ತದೆ. ಮಣ್ಣು ಕೊಡವಿ, ಸುರುಳಿ ಸುತ್ತಿ ಕಟ್ಟಿಟ್ಟರೆ ಗುಜರಿ ಕೊಳ್ಳುವ ಮೋಡಕಾದವರು ಮನೆಗೇ ಬಂದು ಒಯ್ಯುತ್ತಾರೆ.

ಮಲ್ಚಿಂಗ್ ಹಾಳೆಯ ಕತೆ ಹಾಗಲ್ಲ, ಅದು ನಿಜವಾಗಿಯೂ ಚಿಂತೆಗೆ ಹಚ್ಚುವಂಥದ್ದು. ಟೊಮ್ಯಾಟೊ, ಮೆಣಸಿನಕಾಯಿ, ಕಲ್ಲಂಗಡಿ ಹಚ್ಚುವವರು ಮಡಿಗಳ ಮೇಲೆ ಹಾಸುವ ಬೆಳ್ಳಿ-ಕಪ್ಪು ಹಾಳೆ ಸಾಮಾನ್ಯವಾಗಿ 25 ಮೈಕ್ರಾನ್ ದಪ್ಪ, ಅಂದರೆ ಒಂದು ಮಿಲಿಮೀಟರಿನ 40ನೇ ಒಂದು ಪಾಲು. ನಾಲ್ಕು ಅಡಿ ಅಗಲದ ಹಾಳೆಯನ್ನು ಆರು ಅಡಿಗೊಂದು ಮಡಿಯಂತೆ ಹಾಸಿದರೆ ಎಕರೆಗೆ 60 ಕೆಜಿ ಆಸುಪಾಸು ಪ್ಲಾಸ್ಟಿಕ್ ಬೀಳುತ್ತದೆ. ಕಳೆ ಬರುವುದಿಲ್ಲ, ತೇವ ನಿಲ್ಲುತ್ತದೆ, ಇಳುವರಿ ಏರುತ್ತದೆ. ಆದರೆ ಬೆಳೆ ಮುಗಿಯುವ ಹೊತ್ತಿಗೆ ಹಾಳೆ ಬಿಸಿಲಿಗೆ ಬೆಂದು ಹಿಡಿದಲ್ಲಿ ಹರಿಯುತ್ತದೆ, ಅಂಚು ಮಣ್ಣಿನೊಳಗೇ ಉಳಿಯುತ್ತದೆ. ಕಿತ್ತ ಹಾಳೆಗೂ ಅದರದೇ ತೂಕದಷ್ಟು ಮಣ್ಣು ಅಂಟಿರುತ್ತದೆ, ಹಾಗಾಗಿ ಕೊಳ್ಳುವವರಿಲ್ಲ. ಉಳಿದ ಚೂರು ರೋಟಾವೇಟರಿಗೆ ಸಿಕ್ಕಿ ಇನ್ನಷ್ಟು ಚೂರಾಗುತ್ತದೆ. ಐದು ಮಿಲಿಮೀಟರಿಗಿಂತ ಸಣ್ಣದಾದ ಇಂಥ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ, ಒಮ್ಮೆ ಮಣ್ಣಿನಲ್ಲಿ ಬೆರೆತ ಮೇಲೆ ಅದನ್ನು ಹೊರತೆಗೆಯುವ ದಾರಿ ಇಲ್ಲ. ಆದ್ದರಿಂದ ಹಾಳೆ ಕೊಳ್ಳುವಾಗ ಅಗ್ಗದ್ದು, ತೆಳುವಾದದ್ದು ಹುಡುಕಬಾರದು. ಸ್ವಲ್ಪ ದಪ್ಪ ಹಾಳೆ ಒಂದೇ ತುಂಡಾಗಿ ಎದ್ದುಬರುತ್ತದೆ. ಬೆಳೆ ಮುಗಿದ ಕೂಡಲೇ, ನೆಲ ಒಣಗಿರುವಾಗ ಕಿತ್ತು, ಎರಡು ದಿನ ಬಿಸಿಲಿಗೆ ಹಾಕಿ ಬಡಿದರೆ ಮಣ್ಣು ಉದುರುತ್ತದೆ. ಕಬ್ಬಿನ ರವದಿ ಕೈಯಳತೆಯಲ್ಲೇ ಇರುವ ರೈತ ಅದನ್ನೇ ಹಾಸಿದರೆ ಎಷ್ಟೋ ಬೆಳೆಗೆ ಈ ಹಾಳೆಯೇ ಬೇಕಾಗುವುದಿಲ್ಲ. ರವದಿ ಸುಡುವವರು ಒಂದು ಕಡೆ, ಪ್ಲಾಸ್ಟಿಕ್ ಹಾಳೆ ಕೊಳ್ಳುವವರು ಇನ್ನೊಂದು ಕಡೆ, ಎರಡೂ ಒಂದೇ ಊರಿನಲ್ಲಿ ನಡೆಯುವುದು ಕಂಡಾಗ ಸಂಕಟವಾಗುತ್ತದೆ.

ಔಷಧದ ಡಬ್ಬಿಯ ಮಾತು ಬೇರೆ. ಅದನ್ನು ಮೋಡಕಾ ಚೀಲಕ್ಕೂ ಹಾಕಬಾರದು, ಮನೆಯಲ್ಲಿ ಎಣ್ಣೆ, ಹಾಲು, ನೀರು ತುಂಬಲೂ ಇಟ್ಟುಕೊಳ್ಳಬಾರದು. ಡಬ್ಬಿ ಖಾಲಿಯಾದಾಗ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಪಂಪಿಗೇ ಸುರಿದು ಹೊಲಕ್ಕೆ ಹೊಡೆಯಬೇಕು. ಒಳಗೆ ಅಂಟಿದ ವಿಷದ ಬಹುಪಾಲು ಹೀಗೆ ಹೋಗುತ್ತದೆ, ದುಡ್ಡು ಕೊಟ್ಟು ತಂದ ಔಷಧವೂ ಹಾಳಾಗುವುದಿಲ್ಲ. ಆಮೇಲೆ ಮೊಳೆಯಿಂದ ತಳಕ್ಕೆ ತೂತು ಹೊಡೆದರೆ ಯಾರೂ ಅದನ್ನು ಮತ್ತೆ ಬಳಸಲಾರರು. ಹಳ್ಳದಲ್ಲಿ, ಬಾವಿಯ ದಂಡೆಯಲ್ಲಿ ಪಂಪು ತೊಳೆದು ಡಬ್ಬಿಯನ್ನು ಅಲ್ಲೇ ಬಿಟ್ಟು ಬರುವುದು ಮಾತ್ರ ಇವತ್ತೇ ನಿಲ್ಲಬೇಕಾದ ಕೆಲಸ. ಆ ಹಳ್ಳ ಸೇರುವ ಹೊಳೆಯಿಂದಲೇ ಕೆಳಗಿನ ಊರುಗಳ ಕುಡಿಯುವ ನೀರು ಬರುತ್ತದೆ.

ಗೊಬ್ಬರದ ಚೀಲಕ್ಕೆ ನಮ್ಮವರು ಅಷ್ಟಾಗಿ ಅನ್ಯಾಯ ಮಾಡಿಲ್ಲ. ಕಾಳು ತುಂಬಲು, ಹಾಸಲು, ಹೊಚ್ಚಲು, ಬಾಗಿಲಿಗೆ ಪರದೆ ಮಾಡಲು ಅದು ನೂರು ರೂಪದಲ್ಲಿ ಬಾಳುತ್ತದೆ. ಪ್ಲಾಸ್ಟಿಕ್ಕನ್ನು ಹೀಗೆಯೇ ಬಳಸಬೇಕು.

ಇನ್ನು ಮನೆಯ ಕಸ. ಬೇರ್ಪಡಿಸಿ ಎಂದು ಎಲ್ಲರೂ ಹೇಳುತ್ತಾರೆ, ಏಕೆ ಎಂದು ಹೇಳುವವರು ಕಡಿಮೆ. ಪ್ಲಾಸ್ಟಿಕ್ ಎಂಬುದು ಒಂದು ವಸ್ತುವಲ್ಲ, ಒಂದು ಕುಲ. ನೀರಿನ ಬಾಟಲಿ ಪೆಟ್. ಹಾಲಿನ ಪಾಕೀಟು ಪಾಲಿಥೀನ್. ಗೊಬ್ಬರದ ಚೀಲ ಪಾಲಿಪ್ರೊಪಿಲೀನ್. ಹೊಲದ ಮೇನ್ ಲೈನ್ ಪಿವಿಸಿ. ಪಾಲಿಥೀನ್ 110ರಿಂದ 130 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಿದರೆ ಪೆಟ್ ಕರಗಲು 250 ಡಿಗ್ರಿ ದಾಟಬೇಕು. ಆ ಬಿಸಿಗೆ ಬರುವ ಮೊದಲೇ ಪಿವಿಸಿ ಕೆಟ್ಟು ಆಮ್ಲದ ಹೊಗೆ ಬಿಡುತ್ತದೆ. ಹೀಗಾಗಿ ಪೆಟ್ ಬಾಟಲಿಗಳ ರಾಶಿಯಲ್ಲಿ ಪಿವಿಸಿಯ ನಾಲ್ಕು ತುಂಡು ಸೇರಿಕೊಂಡರೂ ಇಡೀ ಘಾಣ ಕೆಡುತ್ತದೆ. ಕಾರ್ಖಾನೆಯವರು ಇವನ್ನು ಬೇರ್ಪಡಿಸುವ ಒಂದು ಉಪಾಯವನ್ನು ನೀವು ಬಕೆಟ್ಟಿನಲ್ಲೇ ಮಾಡಿ ನೋಡಬಹುದು. ತೊಳೆದ ಚೂರುಗಳನ್ನು ನೀರಿಗೆ ಹಾಕಿ. ಪಾಲಿಥೀನ್, ಪಾಲಿಪ್ರೊಪಿಲೀನ್ ತೇಲುತ್ತವೆ. ಪೆಟ್ ಮತ್ತು ಪಿವಿಸಿ ಮುಳುಗುತ್ತವೆ. ಶಾಲೆಯ ಮಕ್ಕಳಿಗೆ ಇದನ್ನು ಒಮ್ಮೆ ಮಾಡಿ ತೋರಿಸಿದರೆ ಹತ್ತು ಭಾಷಣಕ್ಕಿಂತ ಹೆಚ್ಚು ತಿಳಿಯುತ್ತದೆ.

ಬೇರ್ಪಟ್ಟದ್ದನ್ನು ತೊಳೆದು, ಯಂತ್ರದಲ್ಲಿ ಚೂರು ಮಾಡಿ, ಕರಗಿಸಿ, ಶ್ಯಾವಿಗೆಯಂತೆ ಎಳೆದು, ಕತ್ತರಿಸಿ ದಾಣಾ ಮಾಡುತ್ತಾರೆ. ಅದರಿಂದ ಬಕೆಟ್, ಕೊಳವೆ, ಚೀಲ ಆಗುತ್ತವೆ. ನೀರಿನ ಬಾಟಲಿ ನೂಲಾಗುತ್ತದೆ, ಏಕೆಂದರೆ ಸೀರೆಯ ಪಾಲಿಯೆಸ್ಟರ್ ಮತ್ತು ಬಾಟಲಿಯ ಪೆಟ್ ರಸಾಯನದ ಲೆಕ್ಕದಲ್ಲಿ ಒಂದೇ. ಆದರೆ ಪ್ರತಿ ಸಲ ಕರಗಿಸಿದಾಗಲೂ ಗುಣ ಇಳಿಯುತ್ತದೆ, ಕೊನೆಯಿಲ್ಲದಂತೆ ಮತ್ತೆ ಮತ್ತೆ ಬಳಸಲು ಬರುವುದಿಲ್ಲ. 2017ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಪ್ರಕಾರ 1950ರಿಂದ 2015ರವರೆಗೆ ಜಗತ್ತು 830 ಕೋಟಿ ಟನ್ ಪ್ಲಾಸ್ಟಿಕ್ ಮಾಡಿತ್ತು, ಕಸವಾಗಿ ಹೋದದ್ದರಲ್ಲಿ ಪುನರ್ಬಳಕೆಗೆ ಬಂದದ್ದು ಶೇಕಡ 9 ಮಾತ್ರ. ಪುನರ್ಬಳಕೆಯೊಂದೇ ನಮ್ಮನ್ನು ಪಾರುಮಾಡುತ್ತದೆ ಎಂದು ನಂಬಿಕೊಂಡು ಕೊಳ್ಳುತ್ತಲೇ ಇರಲು ಆಗುವುದಿಲ್ಲ.

ಆ ಶೇಕಡ 9ರ ಶ್ರೇಯಸ್ಸು ಸಲ್ಲಬೇಕಾದದ್ದು ನಮ್ಮ ಸಂತೆಪೇಟೆಯ ಮೋಡಕಾ ಅಂಗಡಿಯವರಂಥವರಿಗೆ, ಚೀಲ ಹೊತ್ತು ಬೀದಿ ಸುತ್ತುವ ಹೆಂಗಸರಿಗೆ. ನಾವು ಮಾಡದ ಬೇರ್ಪಡಿಕೆಯನ್ನು ಅವರು ಬರಿಗೈಯಲ್ಲಿ ಮಾಡುತ್ತಾರೆ. ಅವರಿಗೆ ನಾವು ಮಾಡಬಹುದಾದ ಉಪಕಾರ ಬಹಳ ಸಣ್ಣದು. ಒಣಗಿದ್ದನ್ನು ಒಣಗಿದ್ದಾಗಿಯೇ ಇಡುವುದು. ಹಾಲಿನ ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಸೀಳಿದರೆ ಆ ಚಿಕ್ಕ ತುಂಡು ಗಟಾರಕ್ಕೆ ಹೋಗುವುದಿಲ್ಲ. ಪಾಕೀಟನ್ನು ಒಮ್ಮೆ ಜಾಲಾಡಿಸಿ ಒಣಗಿಸಿದರೆ ವಾಸನೆ ಬರುವುದಿಲ್ಲ, ಅದಕ್ಕೆ ಬೆಲೆಯೂ ಇದೆ. ಅದೇ ಪಾಕೀಟು ಸಾರು, ಅನ್ನದ ಜೊತೆ ಸೇರಿದರೆ ಯಾರಿಗೂ ಬೇಡ.

ಉಳಿದ ಅಡುಗೆಯನ್ನು ಕ್ಯಾರಿಬ್ಯಾಗಿಗೆ ಹಾಕಿ ಗಂಟು ಹಾಕಿ ಎಸೆಯುವ ಅಭ್ಯಾಸದ ಬಗ್ಗೆ ನಾನು ಮೆತ್ತಗೆ ಮಾತಾಡಲಾರೆ. ಇದು ಹೈನಿನ ಸೀಮೆ. ದನ ಗಂಟು ಬಿಚ್ಚಿ ತಿನ್ನುವುದಿಲ್ಲ, ಚೀಲ ಸಮೇತ ನುಂಗುತ್ತದೆ. ಹೊಟ್ಟೆಯ ಮೊದಲ ಕೋಣೆಯಲ್ಲಿ ಅದು ಕರಗುವುದೂ ಇಲ್ಲ, ಮುಂದೆ ಸಾಗುವುದೂ ಇಲ್ಲ, ಒಂದರ ಮೇಲೊಂದು ಸುತ್ತಿ ಗಟ್ಟಿ ಉಂಡೆಯಾಗುತ್ತದೆ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಪಶುವೈದ್ಯರು ಹೊಟ್ಟೆ ಕೊಯ್ದು ಕೆಜಿಗಟ್ಟಲೆ ಪ್ಲಾಸ್ಟಿಕ್ ತೆಗೆದ ವರದಿಗಳು ನಾಡಿನ ಎಲ್ಲ ಕಡೆಯಿಂದ ಬರುತ್ತವೆ. ಗೋಪೂಜೆ ಮಾಡುವ ಮನೆಯಿಂದಲೇ ಆ ಗಂಟು ಬೀದಿಗೆ ಬೀಳಬಾರದು.

ಯಾವ ಬೆಲೆಯೂ ಇಲ್ಲದ ಪ್ಲಾಸ್ಟಿಕ್ ಒಂದಿದೆ. ಚಿಪ್ಸ್, ಶಾಂಪೂ, ಮಸಾಲೆ, ಪಾನ್ ಮಸಾಲೆಯ ಹೊಳೆಯುವ ಪುಡಿಕೆ. ಪ್ಲಾಸ್ಟಿಕ್, ಅಲ್ಯೂಮಿನಿಯಂ, ಮತ್ತೆ ಪ್ಲಾಸ್ಟಿಕ್ ಹೀಗೆ ಪದರದ ಮೇಲೆ ಪದರ ಅಂಟಿಸಿದ ಇದನ್ನು ಬಿಡಿಸಿ ಕರಗಿಸುವುದು ಯಾರಿಗೂ ಲಾಭದ ಮಾತಲ್ಲ. ಗುಟ್ಕಾ, ತಂಬಾಕು, ಪಾನ್ ಮಸಾಲೆಯನ್ನು ಪ್ಲಾಸ್ಟಿಕ್ ಪುಡಿಕೆಯಲ್ಲಿ ಮಾರಬಾರದು ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳುತ್ತವೆ. ತಂಬಾಕಿನಿಂದಲೇ ಹೆಸರಾದ ನಿಪ್ಪಾಣಿಯ ಸುತ್ತಿನವರಿಗೆ ಇದು ತಿಳಿದಿರಬೇಕಾದ ಮಾತು. ಒಂದು ರೂಪಾಯಿ, ಎರಡು ರೂಪಾಯಿ ಪುಡಿಕೆಯ ಬದಲು ದೊಡ್ಡ ಬಾಟಲಿ ತರುವುದು, ಸಾಧ್ಯವಾದಲ್ಲಿ ಕಿರಾಣಿಯನ್ನು ಬಿಡಿಯಾಗಿ ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಳ್ಳುವುದು, ಪುಡಿಕೆಗೆ ಇದಕ್ಕಿಂತ ಒಳ್ಳೆಯ ಪರಿಹಾರ ನನಗೆ ಕಾಣುವುದಿಲ್ಲ.

ಕಾನೂನು ಸಾಕಷ್ಟಿದೆ. ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬಂಟಿಂಗ್ಸ್‌ಗಳನ್ನು 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. ಮಹಾರಾಷ್ಟ್ರ 2018ರಲ್ಲಿ ಅದೇ ದಾರಿ ಹಿಡಿಯಿತು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ಮೇಲೆ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ದೇಶಕ್ಕೆಲ್ಲ ಬಂತು. ಅಂದರೆ ಗಡಿಯ ಆಚೆ ಈಚೆ ಎರಡೂ ಕಡೆ ನಿಯಮ ಹೆಚ್ಚುಕಡಿಮೆ ಒಂದೇ. ‘ಮಾಲು ಆ ಕಡೆಯಿಂದ ಬರುತ್ತದೆ, ನಾವೇನು ಮಾಡೋಣ’ ಎಂಬ ಅಂಗಡಿಯವರ ಸಬೂಬಿಗೆ ಆಧಾರವಿಲ್ಲ. ‘ಮಣ್ಣಿನಲ್ಲಿ ಕರಗುವ ಚೀಲ’ ಎಂದು ಬರೆದು ಮಾರುವುದನ್ನೂ ಕಣ್ಣುಮುಚ್ಚಿ ನಂಬಬಾರದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರುವ ಅಸಲಿ ಚೀಲ ಕೂಡ ಕರಗುವುದು ದೊಡ್ಡ ಕಾಂಪೋಸ್ಟ್ ಘಟಕದ 50–60 ಡಿಗ್ರಿ ಬಿಸಿಯಲ್ಲಿ, ನಮ್ಮ ಹಿತ್ತಲ ತಿಪ್ಪೆಯಲ್ಲಿ ಅಲ್ಲ. ಸಂತೆಗೆ ಹೊರಡುವಾಗ ಬಟ್ಟೆಯ ಪಿಶವಿ ಕೈಯಲ್ಲಿದ್ದರೆ ಈ ಯಾವ ತರ್ಕವೂ ಬೇಡ. ಅವ್ವ, ಆಯಿಗಳ ಕಾಲದಲ್ಲಿ ಪಿಶವಿ ಇಲ್ಲದೆ ಸಂತೆಗೆ ಹೋಗುವುದೇ ಇರಲಿಲ್ಲ.

ಸುಡುವುದರ ಬಗ್ಗೆಯೂ ಒಂದು ಮಾತು. ಒಲೆ ಹೊತ್ತಿಸಲು ಕ್ಯಾರಿಬ್ಯಾಗು, ಬಚ್ಚಲ ನೀರು ಕಾಯಿಸಲು ಹಳೆಯ ಚಪ್ಪಲಿ ಹಾಕುವ ಮನೆಗಳು ಇನ್ನೂ ಇವೆ. ಪಿವಿಸಿ ಸೇರಿದ ಕಸ ಕಡಿಮೆ ಬಿಸಿಯಲ್ಲಿ ಉರಿದಾಗ ಆಮ್ಲದ ಹೊಗೆ ಮತ್ತು ಡಯಾಕ್ಸಿನ್ ಎಂಬ ವಿಷ ಹೊರಡುತ್ತವೆ. ಒಲೆಯ ಮುಂದೆ ಕೂತ ಹೆಂಗಸು, ಅವಳ ಮಗ್ಗುಲಲ್ಲಿರುವ ಮಗು ಮೊದಲು ಅದನ್ನು ಉಸಿರಾಡುತ್ತಾರೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿ ₹5,000 ದಂಡ ಹಾಕಬೇಕೆಂದು ಹೇಳಿತು. ದಂಡಕ್ಕಿಂತ ಆ ಮಗುವಿನ ಎದೆಗೂಡು ನಮ್ಮನ್ನು ತಡೆಯಬೇಕು.

ಪಂಚಾಯಿತಿಗಳ ಕೆಲಸ ಇಲ್ಲಿ ದೊಡ್ಡದು, ಹಣವಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. 15ನೇ ಹಣಕಾಸು ಆಯೋಗ 2021–22ರಿಂದ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡ 60ನ್ನು ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿತ್ತು. ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದಲ್ಲಿ ತಾಲ್ಲೂಕಿಗೊಂದು ಪ್ಲಾಸ್ಟಿಕ್ ನಿರ್ವಹಣಾ ಘಟಕಕ್ಕೆ ₹16 ಲಕ್ಷದವರೆಗೆ ಅವಕಾಶವಿತ್ತು. ಮಾಡಿ ತೋರಿಸಿದವರೂ ನಮ್ಮ ರಾಜ್ಯದಲ್ಲೇ ಇದ್ದಾರೆ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸಬಲ್ಲ ಕೇಂದ್ರವಿದೆ, ಸುತ್ತಲಿನ 40ರಷ್ಟು ಗ್ರಾಮ ಪಂಚಾಯಿತಿಗಳ ಕಸ ಅಲ್ಲಿಗೆ ಸೇರುವಂತೆ ಅದನ್ನು ಕಟ್ಟಲಾಯಿತು. ಒಂದು ಊರಿನ ಪ್ಲಾಸ್ಟಿಕ್ ಲಾರಿ ತುಂಬುವುದಿಲ್ಲ, ಹಾಗಾಗಿ ಯಾವ ಕಾರ್ಖಾನೆಯೂ ಹಳ್ಳಿಗೆ ಬರುವುದಿಲ್ಲ. ನಲವತ್ತು ಊರಿನದು ಒಂದೆಡೆ ಕೂಡಿದಾಗ ಅದು ಮಾಲಾಗುತ್ತದೆ. ನಿಟ್ಟೆಯಿಂದ ನಾವು ಕಲಿಯಬೇಕಾದದ್ದು ಇದೇ ಲೆಕ್ಕ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಐದು ತಾಲ್ಲೂಕುಗಳ ನಡುವೆ ಇಂಥದ್ದೊಂದು ಕೇಂದ್ರ ಏಕೆ ಆಗಬಾರದು? ಕೊಳ್ಳುವವರಿಲ್ಲದ ಪುಡಿಕೆ, ಮಣ್ಣಾದ ಮಲ್ಚಿಂಗ್ ಹಾಳೆಗಳನ್ನು ಒತ್ತಿ ಮೂಟೆ ಕಟ್ಟಿದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಲ್ಲಿದ್ದಲಿನ ಬದಲು ಕೊಡಬಹುದು. ಅಲ್ಲಿಯ ಬಿಸಿ 1,400 ಡಿಗ್ರಿ ದಾಟುವುದರಿಂದ ಒಲೆಯ ಹೊಗೆಯ ಅಪಾಯ ಇರುವುದಿಲ್ಲ. ನಮ್ಮ ಜಿಲ್ಲೆಯ ಯಾದವಾಡದಲ್ಲೂ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲೂ ಸಿಮೆಂಟ್ ಕಾರ್ಖಾನೆಗಳಿವೆ.

ಒಂದು ಎಚ್ಚರಿಕೆ. ಕಸ ಸಂಗ್ರಹದ ಶೆಡ್ಡು ಕಟ್ಟುವ ಜಾಗ 2019ರ ಪೂರದ ಗುರುತಿಗಿಂತ ಎತ್ತರದಲ್ಲಿರಬೇಕು. ಹೊಳೆದಂಡೆಯ ಸರ್ಕಾರಿ ಜಾಗ ಖಾಲಿ ಇದೆಯೆಂದು ಅಲ್ಲಿ ಕಟ್ಟಿದರೆ ಇಡೀ ವರ್ಷ ಕೂಡಿಸಿದ್ದನ್ನು ಒಂದು ರಾತ್ರಿಯಲ್ಲಿ ಕೃಷ್ಣೆಗೆ ಕೊಟ್ಟಂತೆ.

ಹೊಲದ ಪ್ಲಾಸ್ಟಿಕ್ ಎತ್ತಲು ಪಂಚಾಯಿತಿಗಿಂತ ಒಳ್ಳೆಯ ಸ್ಥಾನದಲ್ಲಿರುವವರು ಸಕ್ಕರೆ ಕಾರ್ಖಾನೆಯವರು. ನಿಪ್ಪಾಣಿಯ ಹಾಲಸಿದ್ಧನಾಥ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ರೈತರ ಷೇರಿನಿಂದಲೇ ನಿಂತ ಸಹಕಾರಿ ಕಾರ್ಖಾನೆಗಳು. ಯಾವ ರೈತನ ಕಬ್ಬು ಎಷ್ಟು ಎಕರೆ, ಯಾವಾಗ ಕಡಿಯುತ್ತದೆ ಎಂಬ ಪಟ್ಟಿ ಕಾರ್ಖಾನೆಯ ಕೈಯಲ್ಲಿರುತ್ತದೆ, ಲಾರಿ-ಟ್ರ್ಯಾಕ್ಟರ್ ಹೊಲದ ಅಂಚಿನವರೆಗೆ ಬರುತ್ತವೆ. ಹಂಗಾಮು ಮುಗಿದ ಮೇಲೆ ಒಂದು ವಾರ ಹಳೆಯ ಡ್ರಿಪ್ ಪೈಪು, ಹಾಳೆಗಳನ್ನು ತೂಕ ಮಾಡಿ ತೆಗೆದುಕೊಂಡು, ಪೈಪಿನ ಬೆಲೆಯನ್ನು ಕಬ್ಬಿನ ಬಿಲ್ಲಿಗೆ ಸೇರಿಸಿದರೆ ಬದುವಿನಲ್ಲಿ ಪೈಪು ಉಳಿಯುವುದಿಲ್ಲ. ಔಷಧ ಮಾರುವ ಅಂಗಡಿಗಳು ತೊಳೆದ ಡಬ್ಬಿಗಳನ್ನು ವಾಪಸು ತೆಗೆದುಕೊಳ್ಳಲಿ. ತಾವು ಮಾರಿದ ಪ್ಲಾಸ್ಟಿಕ್ ಪ್ಯಾಕಿಂಗಿನ ಹೊಣೆ ಕಂಪನಿಗಳದ್ದೇ ಎಂದು 2022ರ ಫೆಬ್ರುವರಿಯಿಂದ ಬಂದ ಉತ್ಪಾದಕರ ಹೊಣೆಗಾರಿಕೆಯ ನಿಯಮ ಹೇಳುತ್ತದೆ. ಕೇಳುವವರು ಬೇಕು.

ಭೋಜದ ಹೆಸರು ದೇಶದ ಜೈನರಿಗೆಲ್ಲ ಗೊತ್ತಿರುವುದು ಆಚಾರ್ಯ ಶಾಂತಿಸಾಗರರಿಂದ. 1872ರಲ್ಲಿ ಹುಟ್ಟಿ, ಈ ನೆಲದಲ್ಲಿ ಬೆಳೆದು, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಮಾಡಿದವರು. ಸೂಕ್ಷ್ಮ ಜೀವಿಗೂ ನೋವಾಗಬಾರದೆಂದು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆತನಗಳು ಇಂದಿಗೂ ಇಲ್ಲಿವೆ. ಆ ಅಹಿಂಸೆಯನ್ನು ಹೊಳೆಯ ಮೀನಿಗೂ, ಬೀದಿಯ ಹಸುವಿಗೂ ಮುಟ್ಟಿಸಲು ಇವರಿಗಿಂತ ತಕ್ಕವರು ಯಾರು? ಚಿಂಚಲಿಯ ಮಾಯಕ್ಕನ ಜಾತ್ರೆಗೆ ಎರಡೂ ರಾಜ್ಯದಿಂದ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅಲ್ಲಿಯ ದಾಸೋಹ, ಪ್ರಸಾದ ಪತ್ರಾವಳಿಯಲ್ಲೇ ಆಗಲಿ ಎಂದು ದೇವಸ್ಥಾನದ ಹಿರಿಯರು ಒಮ್ಮೆ ಹೇಳಿದರೆ ಸಾವಿರ ಫಲಕಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ರೋಹಿಣಿ ಮಳೆ ಮೇ 25ರ ಸುಮಾರಿಗೆ, ಮಿರಗ ಜೂನ್ 7ರ ಸುಮಾರಿಗೆ ಕೂಡುತ್ತದೆ. ಬೀಜ, ಗೊಬ್ಬರಕ್ಕೆ ನಾವು ಹೇಗೂ ಆ ದಿನದ ಲೆಕ್ಕ ಇಟ್ಟಿರುತ್ತೇವೆ. ಅದೇ ಲೆಕ್ಕಕ್ಕೆ ಇದನ್ನೂ ಸೇರಿಸಿಕೊಳ್ಳಿ: ಮಿರಗ ಕೂಡುವ ಮೊದಲು ನಿಮ್ಮ ಬದುವಿನ ಪೈಪು, ಹಾಳೆ, ಡಬ್ಬಿಗಳನ್ನು ಎತ್ತಿ ಎತ್ತರದ ಜಾಗಕ್ಕೆ ಸೇರಿಸಿ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ನಮ್ಮ ಊರಿನ ಒಣ ಕಸ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.